ಮೂಗಿಗಿಂತ ಮೂಗುತಿ ಭಾರ

ಮಧ್ಯಮ ವರ್ಗದ ಮನೆಯಿಂದ ಹಳೆಯ ವಸ್ತುವೊಂದು ಹೊರಬೀಳುವುದು ಸುಲಭದ ಮಾತಲ್ಲ. ಉಟ್ಟು ಹಳತಾದ ಸೀರೆ ತೊಟ್ಟಿಲ ಬಟ್ಟೆಯಾಗುತ್ತದೆ. ತೊಟ್ಟಿಲು ಅಟ್ಟ ಸೇರಿದ ಮೇಲೆ ಮಸಿಬಟ್ಟೆಯಾಗುತ್ತದೆ. ಮಸಿಬಟ್ಟೆಯ ಆಯುಸ್ಸೂ ತೀರಿದಾಗ ಸೈಕಲ್ಲು ಒರೆಸುವ ಚಿಂದಿಯಾಗಿ ಇನ್ನೆರಡು ವರ್ಷ ಬಾಳುತ್ತದೆ. ಇದನ್ನು ಜಿಪುಣತನವೆಂದು ಕರೆಯುವವರು ತಿಂಗಳ ಸಂಬಳಕ್ಕೂ ಸಾಮಾನಿನ ಚೀಟಿಗೂ ನಡುವಣ ಅಂತರವನ್ನು ಕಂಡವರಲ್ಲ. ಆದರೆ ಈ ಸದ್ಗುಣಕ್ಕೂ ಒಂದು ಎಲ್ಲೆಯುಂಟು. ಆ ಎಲ್ಲೆ ಎಲ್ಲಿದೆಯೆಂಬುದು ಮೈಸೂರಿನ ಸರಸ್ವತೀಪುರದ ನಿವೃತ್ತ ಮೇಷ್ಟರೊಬ್ಬರಿಗೆ 2025ರ ನವರಾತ್ರಿಯಲ್ಲಿ ತಿಳಿದುಬಂದಿತು.

ಮೇಷ್ಟರು ಪ್ರೌಢಶಾಲೆಯ ಮಕ್ಕಳಿಗೆ ಮೂವತ್ತು ವರ್ಷಕ್ಕೂ ಮಿಗಿಲಾಗಿ ಚರಿತ್ರೆಯನ್ನು ಬೋಧಿಸಿದವರು. ಅವರು 2007ರಲ್ಲಿ ಕೊಂಡ ಬಿಳಿಯ ಮಾರುತಿ 800 ಕಾರು ಇಂದಿಗೂ ಮನೆಯ ಮುಂದಿನ ಸಂಪಿಗೆ ಮರದ ಕೆಳಗೆ ನಿಂತಿದೆ. ಆ ಕಾರಿನ ವಂಶವೇ ಈಗ ನಿಂತುಹೋಗಿದೆ. 1983ರ ಡಿಸೆಂಬರಿನಲ್ಲಿ ಆರಂಭವಾದ ಅದರ ಕತೆ 2014ರ ಜನವರಿಯಲ್ಲಿ ತಯಾರಿಕೆ ನಿಂತಾಗ ಮುಗಿಯಿತು. ಮೇಷ್ಟರ ಕಾರು ಮಾತ್ರ 2022ರಲ್ಲಿ ಹದಿನೈದು ವರ್ಷ ತುಂಬಿಸಿ, ಪರೀಕ್ಷೆಗೆ ನಿಂತು ತೇರ್ಗಡೆಯಾಗಿ, ಮತ್ತೈದು ವರ್ಷಗಳ ನೋಂದಣಿಯನ್ನು ಪಡೆದುಕೊಂಡು ಬಂದಿತ್ತು. ಅದರ ಓಡಾಟವಾದರೂ ಎಷ್ಟು? ವಾರಕ್ಕೊಮ್ಮೆ ದೇವರಾಜ ಮಾರುಕಟ್ಟೆ, ತಿಂಗಳಿಗೊಮ್ಮೆ ನಂಜನಗೂಡು, ದಿನವೂ ಸಂಜೆ ಮೊಮ್ಮಗಳ ಶಾಲೆ. ಮಗಳೂ ಅಳಿಯನೂ ಕೆಲಸಕ್ಕೆ ಹೋಗುವವರಾದ್ದರಿಂದ ಏಳು ವರ್ಷದ ಹುಡುಗಿಯನ್ನು ಶಾಲೆಯಿಂದ ಕರೆತರುವ ಭಾರ ಅಜ್ಜನದು.

ಅಕ್ಟೋಬರ್ 1ರಂದು ಆಯುಧಪೂಜೆ. ಕಾರಿಗೆ ಅಭ್ಯಂಜನವಾಯಿತು, ಮುಂಭಾಗಕ್ಕೆ ಸೇವಂತಿಗೆಯ ಹಾರ ಬಿದ್ದಿತು. ಮೊಮ್ಮಗಳು ನಾಲ್ಕು ನಿಂಬೆಹಣ್ಣುಗಳನ್ನು ಹಿಡಿದು ಚಕ್ರಗಳ ಕಡೆಗೆ ಓಡಿದಳು. ಹಬ್ಬದೂಟಕ್ಕೆ ಬಂದಿದ್ದ ಭಾವಮೈದನು ಆಕೆಯ ಜೊತೆಯಲ್ಲಿ ಕುಕ್ಕರಗಾಲಿನಲ್ಲಿ ಕುಳಿತವನು ಎಷ್ಟು ಹೊತ್ತಾದರೂ ಮೇಲೇಳಲಿಲ್ಲ. ಆತನು ವಿಕ್ರಾಂತ್ ಟೈರು ಕಾರ್ಖಾನೆಯಲ್ಲಿ ದುಡಿದು ನಿವೃತ್ತನಾದವನು. ಆ ಕಾರ್ಖಾನೆ 1997ರಲ್ಲಿ ಜೆ.ಕೆ. ಸಂಸ್ಥೆಯ ಕೈಸೇರಿತಾದರೂ ಹಳೆಯ ಮೈಸೂರಿಗರ ಬಾಯಲ್ಲಿ ಇಂದಿಗೂ ಅದು ವಿಕ್ರಾಂತವೇ. ಟೈರನ್ನು ಕಂಡರೆ ಆತನ ಕೈ ತಾನಾಗಿ ಅದರ ಮೇಲೆ ಆಡುತ್ತದೆ; ಕುಂಬಾರನ ಕೈ ಮಡಕೆಯ ಮೇಲೆ ಆಡುವ ಹಾಗೆ.

“ಭಾವ, ಈ ಟೈರುಗಳಿಗೆ ನಿಂಬೆಹಣ್ಣು ಇಟ್ಟರೆ ಸಾಲದು” ಎಂದನು ಭಾವಮೈದ.

“ಏಕಯ್ಯ? ಗ್ರಿಪ್ಪು ನೋಡು, ಎಷ್ಟು ಆಳವಿದೆ! ಕಾಲುವೆಯ ತಳದಲ್ಲಿರುವ ಆ ಸಣ್ಣ ದಿಣ್ಣೆಗಳಿಗೆ ಸಮನಾಗಿ ಸವೆದಾಗ ತಾನೆ ಬದಲಾಯಿಸುವುದು?”

ಮೇಷ್ಟರ ಮಾತು ತಪ್ಪಾಗಿರಲಿಲ್ಲ. ಟೈರಿನ ಮೈಮೇಲಿನ ಕಾಲುವೆಗಳಲ್ಲಿ ಅಲ್ಲಲ್ಲಿ ಒಂದು ಅಡ್ಡದಿಣ್ಣೆಯನ್ನು ಬಿಟ್ಟಿರುತ್ತಾರೆ. ರಬ್ಬರು ಅದರ ಮಟ್ಟಕ್ಕೆ ಸವೆಯಿತೆಂದರೆ ಕಾಲುವೆಯ ಆಳ 1.6 ಮಿಲಿಮೀಟರಿಗೆ ಇಳಿಯಿತೆಂದು ಅರ್ಥ. ಕಾಯಿದೆಯ ಪ್ರಕಾರವೂ ಅಲ್ಲಿಗೆ ಅದರ ಸೇವೆ ಮುಗಿಯಿತು. ಮೇಷ್ಟರ ಟೈರುಗಳಲ್ಲಿ ಇನ್ನೂ ಅದರ ಮೂರರಷ್ಟು ಆಳವಿತ್ತು. ಆದರೆ ಭಾವಮೈದನು ತೋರಿಸಿದ್ದು ಕಾಲುವೆಯನ್ನಲ್ಲ, ಪಕ್ಕೆಯನ್ನು. ಬೇಸಗೆಯಲ್ಲಿ ಕೆರೆಯಂಗಳ ಒಡೆಯುವಂತೆ ಅಲ್ಲಿ ನವಿರಾದ ಬಿರುಕುಗಳು ಸುತ್ತಲೂ ಹರಡಿಕೊಂಡಿದ್ದವು.

“ಇದು ಯಾವ ಕಾಲದ್ದು?”

“ಮೊನ್ನೆ ಮೊನ್ನೆ ಹಾಕಿಸಿದ್ದು.”

ನಿವೃತ್ತರ ‘ಮೊನ್ನೆ’ಗೆ ಕೈಗೆಟುಕುವ ಅಳತೆಯಿಲ್ಲವಷ್ಟೆ. ಭಾವಮೈದನು ಒದ್ದೆ ಬಟ್ಟೆಯಿಂದ ಟೈರಿನ ಪಕ್ಕೆಯನ್ನು ಒರೆಸಿದನು. ಉಬ್ಬಿದ ಅಕ್ಷರಗಳು ಎದ್ದು ಕಾಣಿಸಿದವು. ಮಕ್ಕಳನ್ನು ಶ್ರವಣಬೆಳಗೊಳಕ್ಕೆ ಕರೆದೊಯ್ದು ಬಂಡೆಯ ಮೇಲಿನ ಶಾಸನಗಳನ್ನು ತೋರಿಸಿದ್ದ, ರೈಸರ ಶಾಸನ ಸಂಪುಟಗಳನ್ನು ಪೂಜ್ಯಭಾವದಿಂದ ತಿರುವಿಹಾಕಿದ್ದ ಮೇಷ್ಟರು, ಹದಿನೆಂಟು ವರ್ಷ ತಮ್ಮ ಅಂಗಳದಲ್ಲಿಯೇ ಇದ್ದ ಈ ಶಾಸನವನ್ನು ಒಮ್ಮೆಯೂ ಓದಿರಲಿಲ್ಲ. ಕನ್ನಡಕವನ್ನು ಏರಿಸಿಕೊಂಡು ಅವರೂ ನೆಲಕ್ಕೆ ಕುಳಿತರು.

145/70 ಆರ್ 12, 69 ಎಸ್. ಮೊದಲನೆಯದು ಟೈರಿನ ಅಗಲ, ಮಿಲಿಮೀಟರುಗಳಲ್ಲಿ. ಎಪ್ಪತ್ತೆಂದರೆ ಪಕ್ಕೆಯ ಎತ್ತರ ಆ ಅಗಲದ ಶೇಕಡಾ 70. ‘ಆರ್’ ಎಂದರೆ ರೇಡಿಯಲ್. ಒಳಗಿನ ಎಳೆಗಳನ್ನು ಚಕ್ರದ ನಡುವಿನಿಂದ ಹೊರಟ ಅರೆಕಾಲುಗಳಂತೆ ಹಾಸಿ ಕಟ್ಟಿದ್ದು. ಹನ್ನೆರಡು ಚಕ್ರದ ವ್ಯಾಸ, ಅಂಗುಲಗಳಲ್ಲಿ. ಅರವತ್ತೊಂಬತ್ತು ಒಂದು ಸಂಕೇತ. ಪಟ್ಟಿಯಲ್ಲಿ ನೋಡಿದರೆ ಒಂದು ಟೈರು 325 ಕಿಲೋಗ್ರಾಂ ಹೊರಬಲ್ಲದೆಂದು ಅದರ ಅರ್ಥ. ‘ಎಸ್’ ಎಂದರೆ ಗಂಟೆಗೆ 180 ಕಿಲೋಮೀಟರಿನವರೆಗಿನ ವೇಗವನ್ನು ತಾಳಬಲ್ಲದ್ದು.

“ಅರವತ್ತು ದಾಟದ ನನಗೆ ನೂರೆಂಬತ್ತು!” ಎಂದು ಮೇಷ್ಟರು ನಕ್ಕರು.

“ಕಾಲವನ್ನು ಹೇಳುವ ಸಾಲು ಇಲ್ಲಿದೆ” ಎಂದು ಭಾವಮೈದನು ಚಿಕ್ಕದೊಂದು ಚೌಕಟ್ಟಿನೊಳಗಿನ ನಾಲ್ಕು ಅಂಕಿಗಳ ಮೇಲೆ ಬೆರಳಿಟ್ಟನು: 3216. ಮೊದಲೆರಡು ವಾರ, ಕೊನೆಯೆರಡು ವರ್ಷ. 2016ರ ಮೂವತ್ತೆರಡನೆಯ ವಾರ, ಎಂದರೆ ಆಗಸ್ಟ್ ತಿಂಗಳು. ‘ಮೊನ್ನೆ’ಗೆ ಒಂಬತ್ತು ವರ್ಷ ತುಂಬಿ ತಿಂಗಳು ಕಳೆದಿತ್ತು.

“ಓಡಿಲ್ಲವಲ್ಲಯ್ಯ, ಸವೆಯುವುದು ಎಲ್ಲಿಂದ ಬಂತು?”

“ಓಡದಿರುವುದೂ ಒಂದು ರೋಗ, ಭಾವ. ಗಾಳಿಯ ಆಮ್ಲಜನಕ, ಓಝೋನು, ಬಿಸಿಲು ಇವೆಲ್ಲ ರಬ್ಬರನ್ನು ಸದಾ ತಿನ್ನುತ್ತಲೇ ಇರುತ್ತವೆ. ಅದಕ್ಕೆಂದು ರಬ್ಬರಿಗೆ ಒಂದು ಬಗೆಯ ಮೇಣವನ್ನು ಬೆರೆಸಿರುತ್ತೇವೆ. ಟೈರು ಉರುಳುತ್ತ ಬಳುಕಿದರೆ ಆ ಮೇಣ ಮೇಲಕ್ಕೆ ಬಂದು ಕಾಪಾಡುತ್ತದೆ. ನಿಂತಲ್ಲಿಯೇ ನಿಂತ ಕಾರಿಗೆ ಆ ಭಾಗ್ಯವಿಲ್ಲ. ಮಗುವಿನ ಪೆಟ್ಟಿಗೆಯಲ್ಲಿ ಪೆನ್ಸಿಲು ಅಳಿಸುವ ಹಳೆಯ ರಬ್ಬರು ಇರುತ್ತದಲ್ಲ, ಉಜ್ಜಿದರೆ ಗೆರೆ ಅಳಿಸುವುದಿಲ್ಲ, ಕಾಗದದ ಮೇಲೆ ಜಾರುತ್ತದೆ. ಇದೂ ಹಾಗೆಯೇ. ಒಣಗಿದ ರಸ್ತೆಯಲ್ಲಿ ಗೊತ್ತಾಗುವುದಿಲ್ಲ. ಮಳೆ ಬಂದಾಗ ಗೊತ್ತಾಗುತ್ತದೆ.”

ಮಳೆಯ ಮಾತು ಬಂದಾಗ ಮೇಷ್ಟರು ಏನೋ ಹೇಳಹೊರಟವರು ಸುಮ್ಮನಾದರು. ಐದು ವರ್ಷ ದಾಟಿದ ಟೈರುಗಳನ್ನು ವರ್ಷಕ್ಕೊಮ್ಮೆ ಬಲ್ಲವರಿಗೆ ತೋರಿಸಬೇಕೆಂದೂ, ಎಷ್ಟೇ ಚೆನ್ನಾಗಿ ಕಂಡರೂ ಹತ್ತು ವರ್ಷಕ್ಕೆ ಮೀರಿ ಓಡಿಸಬಾರದೆಂದೂ ಟೈರು ತಯಾರಿಸುವ ಹಲವರು ಹೇಳುವುದನ್ನು ಭಾವಮೈದನು ತಿಳಿಸಿದನು. ಬಿರುಕು ಬಿಟ್ಟವುಗಳಿಗೆ ಆ ಗಡುವೂ ಇಲ್ಲ.

ಮೇಷ್ಟರು ಕೊನೆಯ ಅಸ್ತ್ರವನ್ನು ಹೊರತೆಗೆದರು. ಡಿಕ್ಕಿಯೊಳಗಿನ ಸ್ಟೆಪ್ನಿ! ಅದು ಕಾರಿನ ಜೊತೆಯಲ್ಲಿ ಬಂದದ್ದು. ಒಮ್ಮೆಯೂ ನೆಲ ಮುಟ್ಟಿದ್ದಲ್ಲ. ಅಚ್ಚಿನಿಂದ ತೆಗೆದಾಗ ಉಳಿಯುವ ರಬ್ಬರಿನ ಕೂದಲುಗಳು ಇನ್ನೂ ಅದರ ಮೈಮೇಲಿದ್ದವು. ಒಂದಾದರೂ ಮಿಗಿಸಿದೆನೆಂಬ ಹೆಮ್ಮೆಯಿಂದ ಅದನ್ನು ಉರುಳಿಸಿಕೊಂಡು ಬರುತ್ತ, ಆ ಹೆಸರು ವೇಲ್ಸ್ ನಾಡಿನ ಲನೆಲ್ಲಿ ಎಂಬ ಊರಿನ ಸ್ಟೆಪ್ನಿ ಬೀದಿಯಿಂದ ಬಂದದ್ದೆಂದೂ, 1904ರ ಸುಮಾರಿನಲ್ಲಿ ಅಲ್ಲಿಯೇ ಬದಲಿ ಚಕ್ರಗಳ ತಯಾರಿಕೆ ಮೊದಲಾಯಿತೆಂದೂ ಚರಿತ್ರೆಯ ಪಾಠವನ್ನು ಹೇಳಿದರು. ಭಾವಮೈದನು ಪಾಠವನ್ನು ವಿನಯದಿಂದ ಕೇಳಿ, ನಾಲ್ಕು ಅಂಕಿಗಳನ್ನು ಒರೆಸಿ ತೋರಿಸಿದನು. ಕೊನೆಯ ಎರಡು ಅಂಕಿಗಳು 07. ಐದು ಟೈರುಗಳಲ್ಲಿ ಎಲ್ಲಕ್ಕಿಂತ ಹೊಸದಾಗಿ ಕಾಣುತ್ತಿದ್ದುದೇ ಎಲ್ಲಕ್ಕಿಂತ ಮುದುಕ.

ಮರುದಿನದಿಂದ ಮೇಷ್ಟರ ಮನಸ್ಸು ಲೆಕ್ಕದಲ್ಲಿ ಮುಳುಗಿತು. ಕಾರನ್ನು ಮಾರಿದರೆ ನಲವತ್ತೈದು ಸಾವಿರಕ್ಕೆ ಮೇಲೆ ಯಾರೂ ಕೊಡರು. ಅಂಗಡಿಯಲ್ಲಿ ವಿಚಾರಿಸಿದರೆ ನಾಲ್ಕು ಟೈರು, ಜೋಡಣೆ, ಚಕ್ರಗಳ ಸಮತೋಲ ಎಲ್ಲ ಸೇರಿ ಹನ್ನೆರಡು ಸಾವಿರದ ಆಸುಪಾಸು. ಕಾರಿನ ಬೆಲೆಯ ಕಾಲುಭಾಗಕ್ಕಿಂತ ಹೆಚ್ಚು! “ಮೂಗಿಗಿಂತ ಮೂಗುತಿ ಭಾರ” ಎಂದು ಅವರು ಹೆಂಡತಿಯ ಮುಂದೆ ಒಂದೇ ದಿನದಲ್ಲಿ ಮೂರು ಸಲ ಹೇಳಿದರು. ಆಕೆ ಏನೂ ಹೇಳಲಿಲ್ಲ.

ಊರಿನಲ್ಲಿ ಸಲಹೆಗೆ ಬಡತನವಿಲ್ಲ. ವಾಯುವಿಹಾರದ ಗೆಳೆಯರೊಬ್ಬರು, ಯಾರೋ ಕಳಚಿದ ಹಳೆಯ ಟೈರುಗಳು ಮೂರನೆಯ ಒಂದು ಪಾಲಿನ ಬೆಲೆಗೆ ಸಿಗುತ್ತವೆಂದರು. ಮೇಷ್ಟರು ಹೋಗಿ ನೋಡಿದರು. ಕಪ್ಪು ಬಣ್ಣ ಬಳಿದ ಟೈರುಗಳು ಗಾಣದೆಣ್ಣೆಯಲ್ಲಿ ಮಿಂದಂತೆ ಹೊಳೆಯುತ್ತಿದ್ದವು. ಶಾಸನವಿದ್ಯೆ ಕೈಬಿಡಲಿಲ್ಲ, ಒಂದು 2014ರದು, ಇನ್ನೊಂದರಲ್ಲಿ ತಾರೀಖಿದ್ದ ಜಾಗವನ್ನೇ ಉಜ್ಜಿ ತೆಗೆದಿತ್ತು. ಮೂರನೆಯದರ ಕಾಲುವೆಗಳ ಆಳ ಅನುಮಾನ ಬರುವಷ್ಟು ಹೊಸದು. ಸವೆದ ಟೈರಿಗೆ ಬಿಸಿ ಅಲಗಿನಿಂದ ಮತ್ತೆ ಕಾಲುವೆ ಕೊರೆಯುವವರಿದ್ದಾರೆಂದು ಭಾವಮೈದನು ಎಚ್ಚರಿಸಿದ್ದನು. ಹಾಗೆ ಕೊರೆದಲ್ಲಿ ಉಳಿಯುವುದು ಒಳಗಿನ ಎಳೆಗಳ ಮೇಲಿನ ತೆಳುವಾದ ಪೊರೆ ಮಾತ್ರ.

ಪಕ್ಕದ ಮನೆಯ ಹುಡುಗನದು ಬೇರೊಂದು ಉಪಾಯ. 145/70 ಈಗ ಎಲ್ಲ ಅಂಗಡಿಗಳಲ್ಲಿಯೂ ಇರುವುದಿಲ್ಲ. ಆಲ್ಟೊ ಕಾರಿನ 145/80 ಎಲ್ಲಿ ಬೇಕಾದರೂ ಸಿಗುತ್ತದೆ, ಚಕ್ರಕ್ಕೂ ಕೂರುತ್ತದೆ. ಮೇಷ್ಟರು ಕಾಗದ ಪೆನ್ಸಿಲು ಹಿಡಿದರು. ತಮ್ಮ ಟೈರಿನ ಒಟ್ಟು ಎತ್ತರ 508 ಮಿಲಿಮೀಟರು. ಆ ಇನ್ನೊಂದರದು 537. ಶೇಕಡಾ ಆರರ ಹತ್ತಿರದ ಅಂತರ. ವೇಗಮಾಪಕದ ಮುಳ್ಳು ಐವತ್ತೆಂದಾಗ ಕಾರು ಐವತ್ಮೂರರಲ್ಲಿ ಓಡುತ್ತಿರುತ್ತದೆ; ತಿರುವಿನಲ್ಲಿ ಟೈರು ಮೈಗೆ ತಗಲಿದರೂ ತಗಲಬಹುದು. ಜೀವನವಿಡೀ ನಿಜ ಹೇಳಿದ ಮೇಷ್ಟರಿಗೆ ಸುಳ್ಳು ಹೇಳುವ ಮುಳ್ಳು ಒಪ್ಪಿಗೆಯಾಗಲಿಲ್ಲ.

ಉಳಿದದ್ದು ಮಧ್ಯಮಮಾರ್ಗ: ಈಗ ಎರಡು, ಮುಂದೆಂದಾದರೂ ಎರಡು. ಭಾವಮೈದನಿಗೆ ಫೋನು ಹೋಯಿತು. “ಎರಡೇ ಹಾಕಿಸುವುದಾದರೆ ಹೊಸವು ಹಿಂದಕ್ಕೆ ಹೋಗಬೇಕು, ಭಾವ. ಎಳೆಯುವ ಚಕ್ರ ಮುಂದಿನದೆಂದು ಎಲ್ಲರೂ ಮುಂದಕ್ಕೆ ಹಾಕಿಸುತ್ತಾರೆ. ಮುಂದಿನ ಚಕ್ರ ಜಾರಿದರೆ ಕಾರು ನೆಟ್ಟಗೆ ಹೋಗುತ್ತದೆ. ಕಾಲು ತೆಗೆದರೆ ಹಿಡಿತಕ್ಕೆ ಬರಬಹುದು. ಹಿಂದಿನದು ಜಾರಿದರೆ ಕಾರು ಬುಗುರಿ. ಆದರೆ ನಿಮ್ಮವು ನಾಲ್ಕೂ ಒಂದೇ ದಿನ ಹುಟ್ಟಿದವು. ಎರಡನ್ನು ಬದಲಾಯಿಸಿ ಎರಡನ್ನು ಬಿಟ್ಟರೆ ಕೇಡು ಅರ್ಧಕ್ಕೆ ಇಳಿಯಿತೆಂದಲ್ಲ.”

ಆ ರಾತ್ರಿ ಊಟದ ಹೊತ್ತಿನಲ್ಲಿ ಮೇಷ್ಟರು ನಾಲ್ಕನೆಯ ಸಲ ಮೂಗುತಿಯ ಗಾದೆಯನ್ನು ತೆಗೆದರು. ಈ ಮಳೆಗಾಲ ಹೇಗೂ ಕಳೆಯಿತು, ಯುಗಾದಿಯವರೆಗೆ ನೋಡೋಣವೆಂದರು. ಮೊಸರನ್ನದ ಕೊನೆಯ ತುತ್ತಿನಲ್ಲಿದ್ದ ಮೊಮ್ಮಗಳು ತಲೆಯೆತ್ತಿದಳು.

“ಅಜ್ಜಿ, ಅವತ್ತು ಮಳೇಲಿ ನಮ್ಮ ಕಾರು ಜಾರುಬಂಡೆ ಆಡಿತ್ತು.”

“ಯಾವತ್ತು ಪುಟ್ಟಿ?”

“ಸ್ಕೂಲ್ ಹತ್ತಿರ. ಅಜ್ಜ ಬ್ರೇಕ್ ಹಾಕಿದರೂ ಅದು ನಿಲ್ಲಲೇ ಇಲ್ಲ. ಒಬ್ಬ ಸೈಕಲ್ ಅಣ್ಣ ಕೂಗಿಕೊಂಡ. ಆಮೇಲೆ ನಿಂತಿತು. ಅಜ್ಜ ಯಾರಿಗೂ ಹೇಳಬೇಡ ಅಂತ ಚಾಕೊಲೇಟು ಕೊಡಿಸಿದರು.”

ಊಟದ ಮನೆಯಲ್ಲಿ ಗಡಿಯಾರದ ಸದ್ದು ಕೇಳಿಸಿತು. ಮೇಷ್ಟರು ತಟ್ಟೆಯನ್ನು ನೋಡುತ್ತ ಕುಳಿತರು. ನಡೆದದ್ದು ಸೆಪ್ಟೆಂಬರಿನ ಒಂದು ಸಂಜೆ. ಶಾಲೆ ಬಿಟ್ಟ ಗದ್ದಲದಲ್ಲಿ ಹುಡುಗನೊಬ್ಬ ಸೈಕಲ್ಲನ್ನು ಅಡ್ಡ ತಂದಿದ್ದನು. ಕಾರಿನ ಮೂತಿಗೂ ಅವನ ಹಿಂದಿನ ಚಕ್ರಕ್ಕೂ ಒಂದು ಗೇಣು ಮಾತ್ರ ಉಳಿದಿತ್ತು. ಆ ಗೇಣನ್ನು ಮೇಷ್ಟರು ಅಂದಿನಿಂದ ಎಷ್ಟೋ ರಾತ್ರಿ ಅಳೆದಿದ್ದರು.

ಹೆಂಡತಿ ಎದ್ದುಹೋಗಿ ಮನೆಖರ್ಚಿನ ಪುಸ್ತಕವನ್ನು ತಂದಳು. ಸೆಪ್ಟೆಂಬರಿನ ಪುಟದಲ್ಲಿ ಆಟೋರಿಕ್ಷಾದ ಬಾಬ್ತು ಐದು ಕಡೆ ಬರೆದಿತ್ತು. ಐದೂ ಮಳೆ ಬಿದ್ದ ದಿನಗಳು. ಮನೆಯಲ್ಲಿ ಕಾರಿರುವಾಗ ಇದೇಕೆಂದು ಆಕೆ ಕೇಳಿರಲಿಲ್ಲ. ಗುರುತು ಮಾತ್ರ ಹಾಕಿಕೊಂಡಿದ್ದಳು.

“ನೀವು ಮೂಗುತಿಯನ್ನು ಕಾರಿನ ಮೂಗಿಗಿಟ್ಟು ತೂಗುತ್ತಿದ್ದೀರಿ” ಎಂದಳು ಆಕೆ. “ಕಾರಿಗೇನು, ಅದು ನಲವತ್ತೈದು ಸಾವಿರದ ತಗಡು. ಒಳಗೆ ಕೂತವರನ್ನು ಯಾವ ತಕ್ಕಡಿಯಲ್ಲಿಡುತ್ತೀರಿ?”

ಬೈಗುಳವಾಗಿದ್ದರೆ ಮೇಷ್ಟರು ತಾಳಿಕೊಳ್ಳುತ್ತಿದ್ದರು. ಆ ರಾತ್ರಿ ಅವರಿಗೆ ನಿದ್ರೆ ಬರಲಿಲ್ಲ. ಗಾಳಿ ತುಂಬಿದ ಟೈರಿನ ಚರಿತ್ರೆ ನೆನಪಾಯಿತು. 1845ರಲ್ಲಿಯೇ ರಾಬರ್ಟ್ ಥಾಮ್ಸನ್ ಎಂಬಾತ ಅದಕ್ಕೆ ಹಕ್ಕುಪತ್ರ ಪಡೆದಿದ್ದರೂ ಲೋಕ ಅದನ್ನು ಮರೆತಿತ್ತು. ಬೆಲ್‌ಫಾಸ್ಟಿನ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ಅದನ್ನು ಮತ್ತೆ ಕಂಡುಹಿಡಿದು 1888ರಲ್ಲಿ ಹಕ್ಕುಪತ್ರ ಪಡೆದದ್ದು, ತನ್ನ ಪುಟ್ಟ ಮಗನ ಮೂರು ಗಾಲಿಯ ಸೈಕಲ್ಲಿಗೆ ಟೈರು ಕಟ್ಟಲು ಹೋಗಿ. ಪ್ರಪಂಚದ ಕಾರು, ಬಸ್ಸು, ವಿಮಾನಗಳೆಲ್ಲ ಇಂದು ಉರುಳುತ್ತಿರುವ ಈ ವಸ್ತು ಬಳಕೆಗೆ ಬಂದದ್ದೇ ಒಂದು ಮಗುವಿಗಾಗಿ. ಇದನ್ನು ತರಗತಿಯಲ್ಲಿ ಎಷ್ಟು ಸಲ ಹೇಳಿದ್ದರೋ!

ಬೆಳಗ್ಗೆ ಎದ್ದು ಮೇಷ್ಟರು ಕಾರಿನ ಬಳಿ ನಿಂತು ಇನ್ನೊಂದು ಲೆಕ್ಕ ಮಾಡಿದರು. ಬರಿಯ ಕಾರಿನ ತೂಕ ಸುಮಾರು 650 ಕಿಲೋಗ್ರಾಂ. ಮನೆಯವರೆಲ್ಲ ಕುಳಿತರೆ ಒಂಬೈನೂರರ ಹತ್ತಿರ. ಚಕ್ರವೊಂದಕ್ಕೆ ಇನ್ನೂರಿಪ್ಪತ್ತು. ಒಳಗಿನ ಗಾಳಿಯ ಒತ್ತಡದಿಂದ ಭಾಗಿಸಿದರೆ ಪ್ರತಿಯೊಂದು ಟೈರೂ ನೆಲವನ್ನು ಮುಟ್ಟುವ ಜಾಗ ಹತ್ತು ಸೆಂಟಿಮೀಟರು ಚೌಕಕ್ಕೆ ತುಸು ಹೆಚ್ಚು. ಅವರು ಅಂಗೈಯನ್ನು ಟೈರಿನ ಮೇಲಿಟ್ಟು ನೋಡಿದರು. ಅಷ್ಟೇ ಅಗಲ. ನಾಲ್ಕು ಅಂಗೈಗಳ ಮೇಲೆ ಒಂದು ಸಂಸಾರ ಓಡಾಡುತ್ತಿತ್ತು; ಆ ಅಂಗೈಗಳಿಗೆ ಹಿಡಿಯುವ ಶಕ್ತಿ ಹೋಗಿತ್ತು.

ಆ ವಾರವೇ ಮೂವರೂ ಪೇಟೆಯ ಟೈರು ಅಂಗಡಿಗೆ ಹೋದರು. ಉಳಿತಾಯವೆಂಬುದನ್ನು ಮೇಷ್ಟರು ಕೈಬಿಡಲಿಲ್ಲ. ಎಲ್ಲಿ ಉಳಿಸಬೇಕೆಂಬುದನ್ನು ಕಲಿತಿದ್ದರು. ಒಂದು ಮೆಟ್ಟಿಲು ಮೇಲಿನ ವೇಗದ ಅಕ್ಷರವಿರುವ ದುಬಾರಿ ಟೈರನ್ನು ಅಂಗಡಿಯಾತ ಮುಂದಿಟ್ಟಾಗ, ‘ಎಸ್’ ಅಕ್ಷರವೇ ತಮ್ಮ ಮೂರು ಪಾಲು ವೇಗಕ್ಕೆ ಸಾಕೆಂದು ನಯವಾಗಿ ಹಿಂದಿರುಗಿಸಿದರು. ಹೊಳೆಯುವ ಅಲಂಕಾರದ ಚಕ್ರಗಳು ಬೇಡವೆಂದರು. ಅಳತೆ ಅದೇ ಇರಲಿ, ಭಾರದ ಸಂಖ್ಯೆ ಅರವತ್ತೊಂಬತ್ತಕ್ಕೆ ಇಳಿಯದಿರಲಿ, ಐಎಸ್‌ಐ ಮುದ್ರೆ ಇರಲಿ, ನಾಲ್ಕೂ ಒಂದೇ ಬಗೆಯವಾಗಿರಲಿ ಎಂದರು. ಮೊದಲು ತಂದ ಜೋಡಿಯ ಮೇಲಿನ ಅಂಕಿಗಳು 22ರಲ್ಲಿ ಮುಗಿಯುತ್ತಿದ್ದವು. “ಇದಕ್ಕೆ ಆಗಲೇ ಮೂರು ವರ್ಷ” ಎಂದು ಮೇಷ್ಟರು ಓದಿ ಹೇಳಿದಾಗ ಅಂಗಡಿಯಾತನು ಅವರನ್ನು ಹೊಸ ದೃಷ್ಟಿಯಿಂದ ನೋಡಿ, ಒಳಗಿನಿಂದ 25ರವನ್ನು ತರಿಸಿದನು. ಅಷ್ಟರಲ್ಲಿ ಹೆಂಡತಿ ಪತ್ರಿಕೆಯಲ್ಲಿ ಓದಿದ್ದನ್ನು ಜ್ಞಾಪಿಸಿದಳು. ಸೆಪ್ಟೆಂಬರ್ 22ರಿಂದ ಟೈರುಗಳ ಮೇಲಿನ ತೆರಿಗೆ ಶೇಕಡಾ 28ರಿಂದ 18ಕ್ಕೆ ಇಳಿದಿತ್ತು. ಚೀಟಿ ಹೊಸ ದರದಲ್ಲಿಯೇ ಆಯಿತು. ಸ್ಟೆಪ್ನಿಗೆ ಹಳೆಯ ನಾಲ್ಕರಲ್ಲಿ ಇದ್ದುದರಲ್ಲಿಯೇ ಗಟ್ಟಿಯಾದುದೊಂದನ್ನು, ನಿಧಾನವಾಗಿ ಪಂಕ್ಚರ್ ಅಂಗಡಿಯನ್ನು ಮುಟ್ಟುವಷ್ಟಕ್ಕೆ ಮಾತ್ರ ಇಟ್ಟುಕೊಂಡು, ಯುಗಾದಿಗೆ ಐದನೆಯದನ್ನು ಕೊಳ್ಳುವುದೆಂದು ತೀರ್ಮಾನವಾಯಿತು.

ಹೊರಡುವ ಹೊತ್ತಿಗೆ ಅಂಗಡಿಯಾತನು ಕಳಚಿದ ಟೈರುಗಳನ್ನು ನೋಡಿ, ಮೂರಕ್ಕೆ ಮುನ್ನೂರು ಕೊಡುವೆನೆಂದನು. ಕೂದಲಿನೊಡನೆ ಮಿನುಗುತ್ತಿದ್ದ ಹಳೆಯ ಸ್ಟೆಪ್ನಿಯನ್ನು ತಟ್ಟಿ, “ಇದೊಂದಕ್ಕೇ ಐನೂರು” ಎಂದನು.

ಮೇಷ್ಟರ ಕೈ ಅರೆಗಳಿಗೆ ತಡೆಯಿತು. ಐನೂರೂ ಮುನ್ನೂರೂ ಎಂಟುನೂರು, ಸಣ್ಣ ಮೊತ್ತವಲ್ಲ. ಹದಿನೆಂಟು ವರ್ಷದ ಮುದುಕನನ್ನು ಮದುವಣಿಗನಂತೆ ಸಿಂಗರಿಸಿ ಯಾರಿಗೋ ಕಟ್ಟುತ್ತಾರೆ. ಕೊಳ್ಳುವವನೂ ಮೇಷ್ಟರಂಥವನೇ, ಅವನ ಮನೆಯಲ್ಲಿಯೂ ಮೂಗುತಿಯ ಗಾದೆ ಇರುತ್ತದೆ, ಹಿಂದಿನ ಸೀಟಿನಲ್ಲಿ ಕೂರುವ ಒಂದು ಹುಡುಗಿಯೂ ಇರುತ್ತಾಳೆ. ಅವರು ಹೆಂಡತಿಯ ಮುಖವನ್ನು ನೋಡಿದರು. ಆಕೆ ತಲೆಯಾಡಿಸಿದಳು.

“ಪಕ್ಕೆಗಳನ್ನು ಕೊಯ್ದುಬಿಡಿ” ಎಂದರು ಮೇಷ್ಟರು.

ಕೆಲಸದ ಹುಡುಗನು ನಂಬದೆ ಯಜಮಾನನ ಕಡೆಗೆ ತಿರುಗಿದನು. ಮೇಷ್ಟರು ಮತ್ತೊಮ್ಮೆ ಹೇಳಿದರು. ಅಲಗು ನಾಲ್ಕು ಸಲ ಆಡಿತು.

ದೀಪಾವಳಿ ಕಳೆದು ಶಾಲೆ ತೆರೆದ ಮೇಲೆ ಒಂದು ಸಂಜೆ ಹಿಂಗಾರಿನ ಮಳೆ ಹಿಡಿಯಿತು. ಮೇಷ್ಟರು ಆಟೋ ಕರೆಯಲಿಲ್ಲ, ಕಾರನ್ನೇ ತೆಗೆದರು. ಹಿಂದಿರುಗುವಾಗ ಶಾಲೆಯ ಮುಂದಣ ಅದೇ ತಿರುವಿನಲ್ಲಿ ಮಕ್ಕಳ ಗುಂಪೊಂದು ರಸ್ತೆಗೆ ಇಳಿಯಿತು. ಮೇಷ್ಟರ ಕಾಲು ಬ್ರೇಕನ್ನು ಒತ್ತಿತು. ಕಾರು ನಿಲ್ಲಬೇಕಾದಲ್ಲಿ ನಿಂತಿತು. ಮಕ್ಕಳು ಒಂದೇ ಕೊಡೆಯ ಕೆಳಗೆ ನೂಕಾಡುತ್ತ ದಾಟಿಹೋದರು. ಹಿಂದಿನ ಸೀಟಿನಲ್ಲಿ ಮೊಮ್ಮಗಳು ಮಂಜು ಕಟ್ಟಿದ ಗಾಜಿನ ಮೇಲೆ ಬೆರಳಿನಿಂದ ಬೆಕ್ಕಿನ ಚಿತ್ರ ಬರೆಯುತ್ತಿದ್ದಳು. ಕಾರು ನಿಂತದ್ದನ್ನು ಆಕೆ ಗಮನಿಸಲೇ ಇಲ್ಲ.